ಮಾಮ ತಂದ ಸೊಬ್ರೆಮೇಸಾ

ನಮ್ಮೂರು ಅವರ್ಸೆಯಿಂದ ನನ್ನ ತಮ್ಮ ಕಾರ್ಡು ಬರೆದಿದ್ದ. ಎರಡೇ ಸಾಲು. "ಹಡಗಿನ ಮಾಮ ಮೊನ್ನೆ ತೀರಿಕೊಂಡರು. ಮಧ್ಯಾಹ್ನ ಊಟವಾಗಿ ಮಾತಾಡುತ್ತ ಕೂತಿದ್ದವರು ಹಾಗೇ ಗೋಡೆಗೆ ಒರಗಿದರಂತೆ." ಓದಿ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಎರಡನೆಯ ಸಾಲನ್ನು ಇನ್ನೊಮ್ಮೆ ಓದಿದಾಗ ನಗುವೂ ಬಂತು. ಊಟದ ನಂತರದ ಮಾತಿನ ನಡುವೆ ಕಣ್ಣು ಮುಚ್ಚಿದವರನ್ನು ಮಾಮ ಜನ್ಮದಲ್ಲಿ ಕ್ಷಮಿಸಿದವರಲ್ಲ. ನಮ್ಮ ಅಪ್ಪ ಅದಕ್ಕಾಗಿ ಎಷ್ಟು ಸಲ ಬೈಸಿಕೊಂಡಿದ್ದನೋ ಲೆಕ್ಕವಿಲ್ಲ.

ಮಾಮ ಎಂದರೆ ಸೋದರಮಾವನಲ್ಲ. ಪಕ್ಕದ ಮನೆಯವರು. ನಮ್ಮ ಆಯಿಯನ್ನು, ಅಂದರೆ ತಾಯಿಯನ್ನು, ತಂಗೀ ಎನ್ನುತ್ತಿದ್ದರು, ಅಪ್ಪನನ್ನು ಭಾವ ಎನ್ನುತ್ತಿದ್ದರು, ಹಾಗಾಗಿ ನಮಗೆ ಮಾಮ. ಹದಿನೈದನೆಯ ವಯಸ್ಸಿಗೆ ಗದ್ದೆಯಲ್ಲಿ ನೇಗಿಲು ಬಿಟ್ಟು ಮುಂಬಯಿಗೆ ಓಡಿ, ಹಡಗು ಹತ್ತಿ, ಅಲ್ಲಿ ಅಡುಗೆಯವರ ಕೈಕೆಳಗೆ ಉಳ್ಳಾಗಡ್ಡೆ ಸುಲಿಯುತ್ತ ಕೊನೆಗೆ ತಾವೇ ಅಡುಗೆಯವರಾಗಿ, ತಲೆ ಅರ್ಧ ನರೆತ ಮೇಲೆ ಊರಿಗೆ ಬಂದವರು. ಎತ್ತರದ ಆಳು. ಬಲ ಮೊಣಕೈಯಲ್ಲಿ ಬಿಸಿ ಎಣ್ಣೆ ಬಿದ್ದ ಕಲೆ. ನಡೆಯುವಾಗ ಕಾಲು ಅಗಲಿಸಿಕೊಂಡು ನಡೆಯುತ್ತಿದ್ದರು. "ನೆಲ ಯಾವಾಗ ಅಲ್ಲಾಡ್ತದೆ ಹೇಳೂಕಾಗೂದಿಲ್ಲ" ಎನ್ನುತ್ತಿದ್ದರು. ಬೇರೆ ದೇಶ ನೋಡಿ ಬಂದವರು ಗಡಿಯಾರ ತರುತ್ತಾರೆ, ಕೋಟು ತರುತ್ತಾರೆ. ಮಾಮ ತಂದದ್ದು ಒಂದೇ ಒಂದು ಶಬ್ದ.

ಸೊಬ್ರೆಮೇಸಾ. ಸ್ಪೇನ್ ದೇಶದ ಮಾತು, ಮೇಸಾ ಎಂದರೆ ಅವರಲ್ಲಿ ಮೇಜು. ಊಟ ಮುಗಿದ ಮೇಲೂ ಏಳದೆ, ಉಂಡ ಜಾಗದಲ್ಲೇ ಎಲ್ಲರೂ ಕೂತು ಮಾತಾಡುತ್ತಾರಲ್ಲ, ಆ ಹೊತ್ತಿಗೆ ಅಲ್ಲಿನವರು ಇಟ್ಟ ಹೆಸರು. ಅಲ್ಲಿ ಅದು ದೊಡ್ಡ ಶಬ್ದವೇನೂ ಅಲ್ಲವಂತೆ. ನಾವು ಸಂಜೆ, ಮುಂಜಾನೆ ಎಂದ ಹಾಗೆ ಮಕ್ಕಳಾದಿಯಾಗಿ ಅನ್ನುವಂಥದ್ದು. ನಮ್ಮ ಕಡೆ ಅದಕ್ಕೆ ಹೆಸರಿಲ್ಲ. ಯಾಕಿಲ್ಲವೆಂದರೆ ಆ ಕೆಲಸವೇ ನಮ್ಮಲ್ಲಿರಲಿಲ್ಲ. ಗಂಡಸರು ಉಣ್ಣುತ್ತಿದ್ದರು, ತೇಗುತ್ತಿದ್ದರು, ಕೈ ತೊಳೆದು ಎಲೆಯಡಿಕೆಗೆ ಜಗಲಿಗೆ ಹೋಗುತ್ತಿದ್ದರು. ಆಮೇಲೆ ಹೆಂಗಸರು ಒಳಗೆ, ಒಲೆಯ ಹತ್ತಿರ, ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದರು. ಇದರಲ್ಲಿ ಮಾತಾಡುವುದು ಎಲ್ಲಿ ಬಂತು?

ಮಾಮ ಅದನ್ನು ಕಲಿತ ಕಥೆಯನ್ನು ನಾನು ನೂರು ಸಲ ಕೇಳಿರಬಹುದು. ಅವರ ಹಡಗು ಸ್ಪೇನಿನ ಒಂದು ಬಂದರಿನಲ್ಲಿ ಯಂತ್ರ ಕೆಟ್ಟು ನಿಂತಿತು. ಇವತ್ತು ಸರಿಯಾಗುತ್ತದೆ, ನಾಳೆ ಸರಿಯಾಗುತ್ತದೆ ಎಂದು ಒಂಬತ್ತು ತಿಂಗಳು. ಅಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ಇವರಿಗೆ ಬಿಡಾರ. ಮೊದಲ ದಿನ ಮಧ್ಯಾಹ್ನ ಉಂಡರು, ತಟ್ಟೆ ಎತ್ತಿಕೊಂಡು ಎದ್ದರು. ಮುದುಕಿ ಅಂಗಿಯ ತುದಿ ಹಿಡಿದು ಜಗ್ಗಿ ಕೂರಿಸಿದಳು. ಮತ್ತೆ ಎದ್ದರು. ಮತ್ತೆ ಜಗ್ಗಿದಳು. ಮನೆಯ ಗಂಡಸರು, ಹೆಂಗಸರು, ಸೊಸೆ, ಮೊಮ್ಮಕ್ಕಳು ಎಲ್ಲರೂ ಕೂತು ಜೋರಾಗಿ ಮಾತಾಡುತ್ತಿದ್ದರು, ನಡುವೆ ಇವರ ಕಡೆ ನೋಡುತ್ತಿದ್ದರು.

"ನಂಗೆ ಅವರ ಭಾಷೆ ಒಂದಕ್ಷರ ಬರೂದಿಲ್ಲ ಮಗಾ. ನಾ ಎಂತದೋ ತಪ್ಪು ಮಾಡಿದ್ದೆ, ಪಂಚಾಯ್ತಿ ಕೂತದೆ, ಈಗ ಶಿಕ್ಷೆ ಹೇಳ್ತಾರೆ ಅಂದ್ಕಂಡು ಎರಡು ತಾಸು ಕೈ ಮುಗ್ಕಂಡು ಕೂತಿದ್ದೆ!"

ಮೂರು ತಿಂಗಳಾದ ಮೇಲೆ ಭಾಷೆ ಸ್ವಲ್ಪ ತಿಳಿಯಿತು. ಪಂಚಾಯ್ತಿ ಅಲ್ಲ, ಪಕ್ಕದ ಮನೆಯ ಕತ್ತೆಯ ವಿಷಯ ಮಾತಾಡುತ್ತಿದ್ದರು ಎಂದು ಗೊತ್ತಾಯಿತು. ಆರು ತಿಂಗಳಿಗೆ ಮಾಮನೂ ಕತ್ತೆಯ ವಿಷಯದಲ್ಲಿ ತಮ್ಮ ಅಭಿಪ್ರಾಯ ಹೇಳತೊಡಗಿದರು.

ಊರಿಗೆ ಬಂದ ಮೇಲೆ ಅವರು ಮೊದಲು ಮಾಡಿದ ಕೆಲಸ ಕಾರವಾರದ ಯಾವುದೋ ಸಾಹೇಬರ ಬಂಗಲೆಯ ಹಳೆಯ ಮೇಜೊಂದನ್ನು ಕೊಂಡು ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಬಂದದ್ದು. ನಮ್ಮ ಕೇರಿಗೆ ಅದೇ ಮೊದಲ ಮೇಜು. ಬಾಗಿಲಲ್ಲಿ ತೂರಲಿಲ್ಲ. ಅಂಗಳದ ಹೊನ್ನೆ ಮರದ ಕೆಳಗೇ ಉಳಿಯಿತು. ನಮ್ಮ ಅಜ್ಜಿ ಮಾರನೆಯ ದಿನವೇ ಅದರ ಮೇಲೆ ಹಪ್ಪಳ ಒಣಗಿಸಿದಳು. ಮಾಮ ಸಿಟ್ಟಾಗುತ್ತಾರೆ ಎಂದುಕೊಂಡರೆ, "ಇರ್ಲಿ ಬಿಡು, ಮೇಜು ಇಲ್ದಿದ್ರೂ ನಡೀತದೆ. ಜನ ಇಲ್ದಿದ್ರೆ ನಡಿಯೂದಿಲ್ಲ" ಎಂದು ನಮ್ಮ ಮನೆಗೇ ಊಟಕ್ಕೆ ಬರತೊಡಗಿದರು.

ಅಲ್ಲಿಂದ ಶುರುವಾಯಿತು ನೋಡಿ ಅಜ್ಜಿಗೂ ಮಾಮನಿಗೂ ಯುದ್ಧ. "ಎಂಜಲು ಕೈ ಒಣಗಿಸ್ಕಂಡು ಕೂತ್ರೆ ಲಕ್ಷ್ಮಿ ಎದ್ದು ಹೋತಾಳೆ" ಎಂದಳು ಅಜ್ಜಿ. ಮಾಮ ಒಂದು ತಂಬಿಗೆ ನೀರು, ಒಂದು ಬೋಗುಣಿ ತರಿಸಿ ಎಲ್ಲರ ಕೈ ಕೂತಲ್ಲೇ ತೊಳೆಸಿದರು. "ಎಂಜಲೆಲೆ ಮುಂದಿಟ್ಕಂಡು ಯಾರಾರೂ ಕೂತ್ಕಂತಾರಾ?" ಎಂದಳು. ಮಾಮ ಎದ್ದು ಎಲೆಗಳನ್ನೆಲ್ಲ ಮಡಚಿ ತಾವೇ ಎತ್ತಿ ಹೊರಗೆ ಹಾಕಿ ಬಂದು ಮತ್ತೆ ಕೂತರು. ಗಂಡಸು ಎಲೆ ಎತ್ತಿದ್ದು! ಅಜ್ಜಿ ಸೆರಗು ಬಾಯಿಗೆ ಹಚ್ಚಿಕೊಂಡವಳು ಎರಡು ದಿನ ಮಾಮನೊಂದಿಗೆ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಬಾಗಿಲ ಮರೆಯಲ್ಲಿ ಕೂತು, ಕತ್ತೆಯ ಕಥೆಗೆ ಮುಂದೇನಾಯಿತು ಎಂದು ಕೇಳಿದಳು.

ಹಾಗೆಂದು ಆ ಶಬ್ದವನ್ನು ಬೇಕಾಬಿಟ್ಟಿ ಬಳಸಲು ಮಾಮ ಬಿಡುತ್ತಿರಲಿಲ್ಲ. ಮುಲ್ಕಿ ಎಂಬ ಏಳನೆಯ ಇಯತ್ತೆಯ ಪರೀಕ್ಷೆಗೆ ನನ್ನನ್ನು ಓದಿಸಿದ ಮಾಸ್ತರರೂ ಒಂದು ಶಬ್ದದ ಬಗ್ಗೆ ಅಷ್ಟು ಕಟ್ಟುನಿಟ್ಟು ಮಾಡಿದ್ದನ್ನು ನಾನು ಕಾಣೆ. ಒಂದು ದಿನ ಹೊರಗೆ ಮಳೆ ಹೊಡೆಯುತ್ತಿತ್ತು, ಉಂಡವರು ಏಳಲಾಗದೆ ಕೂತಿದ್ದೆವು. ನಾನು ಜಾಣತನ ತೋರಿಸಲು "ಇವತ್ತು ಭರ್ಜರಿ ಸೊಬ್ರೆಮೇಸಾ ಆಯ್ತು ಮಾಮ" ಎಂದೆ. "ಛೇ! ಇದು ಮಳೆಗೆ ಕೂತದ್ದು. ಎದ್ದು ಹೋಗ್ಲಿಕ್ಕೆ ಬರ್ತದೆ, ಆದ್ರೂ ಹೋಗೂದಿಲ್ಲ ಅಂದ್ರೆ ಮಾತ್ರ ಸೊಬ್ರೆಮೇಸಾ" ಎಂದರು. ಚಹಾ ಕುಡಿದು ಕೂತರೆ ಆಗದು. ಊಟವೇ ಆಗಬೇಕು, ಗಂಜಿಯಾದರೂ ಸರಿ. ಗದ್ದೆಯ ತಕರಾರು, ಕೋರ್ಟು, ಕಚೇರಿ ಎಂದು ಯಾರಾದರೂ ಬಾಯಿ ತೆರೆದರೆ "ಮುಗೀತು, ಏಳಿ" ಎಂದು ತಾವೇ ಎದ್ದುಬಿಡುತ್ತಿದ್ದರು. ಮಾತಾಡದೆ ಸುಮ್ಮನೆ ಕೂತರೆ ನಡೆಯುತ್ತದೆ. ನಿದ್ದೆ ಮಾತ್ರ ಕೂಡದು. ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು: ಅಡುಗೆ ಮಾಡಿದವರು ಬಂದು ಕೂರದಿದ್ದರೆ ಅದಕ್ಕೆ ಆ ಹೆಸರು ಹೇಳಲೇಬಾರದು. ಆ ಕಾರಣಕ್ಕೆ ಆಯಿ ನನ್ನ ಹದಿನಾರನೆಯ ವಯಸ್ಸಿನಲ್ಲಿ ಮೊದಲ ಸಲ ಅಪ್ಪನ ಎದುರು ನೆಲಕ್ಕೆ ಕೂತು, ಬೀಸಣಿಗೆ ಹಿಡಿದು, ತನ್ನ ತವರಿನ ಬಾವಿಗೆ ಎಮ್ಮೆ ಬಿದ್ದ ಕಥೆ ಹೇಳಿದಳು. ಅಪ್ಪ ಬಾಯಿ ಬಿಟ್ಟುಕೊಂಡು ಕೇಳಿದ. "ಇದನ್ನು ನಂಗೆ ಯಾವತ್ತೂ ಹೇಳ್ಲೇ ಇಲ್ಲವಲ್ಲೇ!" ಎಂದ. "ನೀವು ಯಾವಾಗ ಕೂತಿದ್ರಿ?" ಎಂದಳು ಆಯಿ.

ಕಾರವಾರದಲ್ಲಿ ಮಾಮ ಒಂದು ಖಾನಾವಳಿಯನ್ನೂ ಇಟ್ಟರು. ನಾನು ಆಗ ಅಲ್ಲೇ ಹಬ್ಬುವಾಡದ ಚಿಕ್ಕಮ್ಮನ ಮನೆಯಲ್ಲಿದ್ದು ಮುಲ್ಕಿ ಪರೀಕ್ಷೆಗೆ ಓದುತ್ತಿದ್ದೆ, ಹಾಗಾಗಿ ಆ ವೈಭವವನ್ನು ಕಣ್ಣಾರೆ ಕಂಡೆ. ಮೀನು ಹುರಿಯುವ ಘಮಕ್ಕೆ ಕಚೇರಿಯ ಗುಮಾಸ್ತರು ಸಾಲುಗಟ್ಟಿ ಬಂದರು. ಖಾನಾವಳಿ ನಡೆಯುವುದು ಒಂದು ಪಂಕ್ತಿ ಎದ್ದು ಇನ್ನೊಂದು ಕೂತರೆ ತಾನೇ? ಇವರು ಮೊದಲ ಪಂಕ್ತಿಯನ್ನು ಏಳಲು ಬಿಡಲಿಲ್ಲ. ಎದ್ದವರ ಹೆಗಲು ಒತ್ತಿ ಕೂರಿಸಿ, "ಮನೆ ಕಡೆ ಎಲ್ಲಾ ಹೆಂಗದೆ? ಮಗಳಿಗೆ ಜ್ವರ ಬಿಡ್ತಾ?" ಎಂದು ವಿಚಾರಿಸತೊಡಗಿದರು. ಹೊರಗೆ ನಿಂತ ಎರಡನೆಯ ಪಂಕ್ತಿಯವರು ಹಸಿವೆಯಿಂದ ಕೂಗಾಡಿದರು. ಕೂತವರು ಕಚೇರಿಗೆ ತಡವಾಗಿ ಹೋಗಿ ಸಾಹೇಬರಿಂದ ಬೈಸಿಕೊಂಡರು. ನಾಲ್ಕನೆಯ ತಿಂಗಳಿಗೆ ಖಾನಾವಳಿ ಮುಚ್ಚಿತು. ಮಾಮನಿಗೆ ಅದರ ದುಃಖವೇ ಇರಲಿಲ್ಲ. ಆ ನಾಲ್ಕು ತಿಂಗಳಲ್ಲಿ ಜ್ವರದ ಮಗಳಿಗೆ ಗಂಡು ಗೊತ್ತಾಗಿತ್ತು, ಮಾಮನಿಗೆ ಮದುವೆಯ ಕರೆಯೂ ಬಂದಿತ್ತು.

ಒಂದು ಸಲ ಮಾತ್ರ ಅವರ ಮುಖ ಸಪ್ಪಗಾದದ್ದನ್ನು ಕಂಡೆ. ಸ್ಪೇನಿನಲ್ಲಿ ಅಲ್ಲಿನವರೇ ತಮ್ಮತಮ್ಮೊಳಗೆ ಹೊಡೆದಾಡತೊಡಗಿದ ಸುದ್ದಿ ಪತ್ರಿಕೆಯಲ್ಲಿ ಬರುತ್ತಿದ್ದ ಕಾಲ. ಮಾಮನಿಗೆ ಓದು ಬರುತ್ತಿರಲಿಲ್ಲ. ಹಳೆಯ ಪತ್ರಿಕೆಗಳನ್ನು ಎಲ್ಲಿಂದಲೋ ತಂದು ನನ್ನ ಮುಂದಿಟ್ಟು, "ನಮ್ಮ ಬಂದರಿನ ಹೆಸರು ಅದ್ಯಾ ನೋಡು" ಎನ್ನುತ್ತಿದ್ದರು. ಇಲ್ಲ ಎಂದರೆ ಸಮಾಧಾನ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಊಟ ಆದ್ಮೇಲೆ ಈಗ ಎಂತ ಮಾತಾಡ್ತಾರೋ ಆ ಮನೇಲಿ" ಎನ್ನುತ್ತಿದ್ದರು.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ.

ನಾನು ಮುಲ್ಕಿ ಪಾಸಾದೆ. ಅವರ್ಸೆಯ ನಮ್ಮ ಕೇರಿಯ ಹೆಣ್ಣುಮಕ್ಕಳಲ್ಲಿ ಮೊದಲನೆಯವಳು. ಅಪ್ಪ ಪೇಡೆ ಹಂಚಿದ. ಆ ಪೇಡೆಯ ಸಿಹಿ ಬಾಯಲ್ಲಿರುವಾಗಲೇ ಕಷ್ಟ ಸುರುವಾಯಿತು, ಓದಿದ ಹುಡುಗಿ ಯಾರಿಗೂ ಬೇಡ. ನಾಲ್ಕು ಕಡೆಯವರು ನೋಡಲು ಬಂದರು. ನಾಲ್ಕು ಸಲವೂ ನಾನು ಅಡುಗೆ ಮಾಡಿದೆ, ಹೊರಗೆ ಬಂದು ನಮಸ್ಕಾರ ಮಾಡಿದೆ, ಒಳಗೆ ಹೋದೆ. ಅವರು ಉಂಡರು, ಕೈ ತೊಳೆದರು, "ಊರಿಗೆ ಹೋಗಿ ಕಾಗದ ಬರೀತೇವು" ಎಂದು ಹೋದರು. ನಮ್ಮ ಕಡೆ ಬೇಡ ಎಂದು ಮುಖಕ್ಕೆ ಹೇಳುವ ಪದ್ಧತಿಯಿಲ್ಲ. ಕಾಗದ ಬರೆಯುತ್ತೇವೆ ಎನ್ನುತ್ತಾರೆ, ಕಾಗದ ಬರುವುದಿಲ್ಲ, ಅಷ್ಟೇ. ಅಪ್ಪ ಮಾತ್ರ ಪ್ರತಿ ಸಲ ಅಂಚೆಯವ ಬರುವ ದಿನ ರಸ್ತೆಯ ತಿರುವಿನವರೆಗೆ ಹೋಗಿ ನಿಲ್ಲುತ್ತಿದ್ದ. ಬರಿಗೈಯಲ್ಲಿ ವಾಪಸು ಬರುವ ಅಪ್ಪನ ಮುಖ ನೋಡುವುದಕ್ಕಿಂತ ಮುಲ್ಕಿ ಪಾಸಾಗದೇ ಇದ್ದಿದ್ದರೇ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿಬಿಟ್ಟಿತ್ತು. ವಯಸ್ಸು ಇಪ್ಪತ್ತಕ್ಕೆ ಬಂದಿತ್ತು. ಇದೂ ತಪ್ಪಿದರೆ ಎರಡನೆಯ ಸಂಬಂಧದವರಿಗೆ ಕೊಡುವುದೇ ಸೈ ಎಂದು ಅಜ್ಜಿ ಐದನೆಯವರು ಬರುವ ಮೊದಲೇ ಹೇಳಿಬಿಟ್ಟಳು.

ಐದನೆಯವರು ಅಂಕೋಲೆಯ ಹತ್ತಿರದ ಬೊಬ್ರುವಾಡದವರು. ಹುಡುಗ ಮತ್ತು ಅವನ ದೊಡ್ಡಪ್ಪ. ಹುಡುಗನಿಗೆ ತಂದೆಯಿಲ್ಲ, ಮನೆಯಲ್ಲಿ ತಾಯಿ, ಯಜಮಾನಿಕೆಯೆಲ್ಲ ದೊಡ್ಡಪ್ಪನದು. ಹುಡುಗ ಉಪ್ಪಿನ ಚಳುವಳಿಯಲ್ಲಿ ಉಪ್ಪು ಮಾಡಿ ಆರು ತಿಂಗಳು ಜೈಲಿನಲ್ಲಿದ್ದು ಬಂದವನು. ಈಗ ಗದ್ದೆ ನೋಡಿಕೊಂಡು ಜಗಲಿಯಲ್ಲಿ ನಾಲ್ಕು ಮಕ್ಕಳಿಗೆ ಅಕ್ಷರ ಹೇಳುತ್ತಿದ್ದ. ಜೈಲಿಗೆ ಹೋದವನೆಂದು ಅವನಿಗೂ ಹೆಣ್ಣು ಸಿಕ್ಕಿರಲಿಲ್ಲವೆಂದು ನನಗೆ ಆಮೇಲೆ ಗೊತ್ತಾಯಿತು.

ವೈಶಾಖದ ಬಿಸಿಲು. ಕೋಳಿ ಸಾರು, ವಡೆ, ಕೋಕಂ ಕಡಿ ಮಾಡಿದ್ದೆ. ಜಗಲಿಯಲ್ಲಿ ಎಲೆ ಹಾಕಿ ಅಪ್ಪ, ಮಾಮ, ಬಂದವರಿಬ್ಬರು ಕೂತರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ದೊಡ್ಡಪ್ಪ ಒಂಬತ್ತು ವಡೆ ತಿಂದರು, ಒಂದೂ ಮಾತಾಡಲಿಲ್ಲ. ಊಟ ಮುಗಿಯಿತು. ಅವರು ನೆಲಕ್ಕೆ ಕೈಯೂರಿ ಏಳಲು ಹೊರಟರು.

"ಊಟ ಪಸಂದಾಯ್ತು. ಸರ್ವಿಸ್ ಮೋಟಾರು ಈಗ ಬತ್ತದೆ. ನಾವು ಊರಿಗೆ ಹೋಗಿ..."

"ಕೂತ್ಕಳಿ" ಎಂದರು ಮಾಮ. ಬೋಗುಣಿ ಮುಂದೆ ಸರಿಸಿ ಅವರ ಕೈಗೆ ನೀರು ಹಾಕಿಯೇಬಿಟ್ಟರು. ಎಲೆ ಮಡಚಿ ಎತ್ತಿದರು. ದೊಡ್ಡಪ್ಪ ದಂಗಾಗಿ ಕೂತರು. ಅಪ್ಪ ಕಣ್ಣಲ್ಲೇ ಬೇಡವೆಂದು ಬೇಡಿಕೊಳ್ಳುತ್ತಿದ್ದ. ಮಾಮ ಒಳಗೆ ತಿರುಗಿ, "ಮಗಾ, ಅಡುಗೆ ಮಾಡಿದವಳು ನೀನು. ಬಾ ಹೊರಗೆ" ಎಂದರು.

ದೊಡ್ಡಪ್ಪನ ಹುಬ್ಬು ಮೇಲೇರಿತು. "ಹೆಣ್ಮಕ್ಕಳು ಗಂಡಸರ ಸಂಗಡ ಹಿಂಗೆ ಕೂತ್ಕಂಬುದು ನಮ್ಮಲ್ಲಿಲ್ಲ" ಎಂದರು.

"ನಮ್ಮಲ್ಲೂ ಇರ್ಲಿಲ್ಲ" ಎಂದರು ಮಾಮ. ಆಮೇಲೆ ನಾನು ಅಲ್ಲಿಯವರೆಗೆ ಕೇಳಿರದ ಮಾತು ಹೇಳಿದರು. "ನನ್ನ ಲಗ್ನ ಆಗಿ ಹದಿನಾಲ್ಕು ವರ್ಷ ಹೆಂಡತಿ ಇದ್ಲು. ನಾ ಹಡಗಿಂದ ಬಂದಾಗೆಲ್ಲ ಅವಳ ಕೈ ಊಟ ಉಂಡಿದ್ದೆ. ಉಂಡು, ಎದ್ದು, ಹೊರಗೆ ಹೋಗಿದ್ದೆ. ಆ ಪರದೇಶದ ಮುದುಕಿ ನಂಗೆ ಕೂತ್ಕಂಬುದು ಕಲಿಸಿದ್ಮೇಲೆ, ಇನ್ನು ಊರಿಗೆ ಹೋದಾಗ ಅವಳ ಎದ್ರಿಗೂ ಹಿಂಗೇ ಕೂತ್ಕಂತೆ ಅಂದ್ಕಂಡು ಬಂದೆ. ಬಂದು ನೋಡಿದ್ರೆ ಅವಳು ಹೋಗಿ ಐದು ತಿಂಗಳಾಗಿತ್ತು. ಅವಳಿಗೆ ಮೀನು ಸೇರ್ತಿತ್ತಾ, ಹಾಡು ಸೇರ್ತಿತ್ತಾ, ನನ್ನ ಕಂಡ್ರೆ ಸೇರ್ತಿತ್ತಾ, ನಂಗೆ ಒಂದೂ ಗೊತ್ತಿಲ್ಲ. ಈ ಹುಡುಗ ಹಂಗಾಗೂದು ಬೇಡ. ನಿಮ್ಮ ಮೋಟಾರು ಹೋದ್ರೆ ನಾ ಗಾಡಿ ಕಟ್ಟಿ ಕಳಿಸ್ತೆ."

ದೊಡ್ಡಪ್ಪ ಶಾಲು ಸರಿಮಾಡಿಕೊಂಡು ಗೋಡೆಗೆ ಒರಗಿದರು. ಆಯಿ ನನ್ನ ಬೆನ್ನಿಗೆ ಕೈಯಿಟ್ಟು ಹೊರಗೆ ದೂಡಿದಳು. ನಾನು ಬಾಗಿಲ ಪಕ್ಕದಲ್ಲಿ ಮುದುಡಿ ಕೂತೆ. ಕೂತದ್ದೇನೋ ಆಯಿತು, ಮಾತು? ನಾಲ್ಕು ಗಂಡಸರು ನೆಲ ನೋಡುತ್ತಿದ್ದರು, ನಾನು ನನ್ನ ಬೆರಳು ನೋಡುತ್ತಿದ್ದೆ. ಕೊನೆಗೆ ಹುಡುಗ ಕೆಮ್ಮಿ, ಬಾಯಿ ತೆರೆದ.

"ಸಾರಿಗೆ ಉಪ್ಪು ಸ್ವಲ್ಪ ಕಮ್ಮಿಯಾಗಿತ್ತು."

ಅಪ್ಪ ಹಣೆಗೆ ಕೈ ಹಚ್ಚಿದ. ನನಗೆ ಎಲ್ಲಿತ್ತೋ ಸಿಟ್ಟು, ನಾಲ್ಕು ವರ್ಷದ್ದು. "ಉಪ್ಪಿನ ಬಟ್ಟಲು ನಿಮ್ಮ ಎಲೆಯ ಎದ್ರಿಗೇ ಇತ್ತಲ್ಲ. ಸರಕಾರವನ್ನೇ ಕೇಳದೆ ಉಪ್ಪು ಮಾಡಿದವರು, ಎದ್ರಿಗಿದ್ದ ಉಪ್ಪು ತಕ್ಕಳ್ಳಿಕ್ಕೆ ಯಾರ ಅಪ್ಪಣೆ ಬೇಕಾಗಿತ್ತು?" ಎಂದುಬಿಟ್ಟೆ.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ದೊಡ್ಡಪ್ಪ! ಒಂಬತ್ತು ವಡೆ ತಿಂದೂ ತುಟಿ ಬಿಚ್ಚದ ದೊಡ್ಡಪ್ಪ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಹತ್ತಿ, ಮಾಮ ನೀರು ಕೊಡಬೇಕಾಯಿತು. "ಬೇಕಾಗಿತ್ತು ನಿಂಗೆ" ಎಂದು ಹುಡುಗನ ಬೆನ್ನಿಗೆ ಗುದ್ದಿದರು. ಹುಡುಗನೂ ನಕ್ಕ. ಜೈಲಿನ ಊಟದ ಕಥೆ ಹೇಳಿದ. ನಾನು ಮುಲ್ಕಿ ಪರೀಕ್ಷೆಯ ದಿನ ಶಾಯಿ ಚೆಲ್ಲಿ ಲಂಗವೆಲ್ಲ ನೀಲಿಯಾದ ಕಥೆ ಹೇಳಿದೆ. ದೊಡ್ಡಪ್ಪ ತಾವು ಚಿಕ್ಕವರಿದ್ದಾಗ ಗಂಗಾವಳಿ ಹೊಳೆ ಈಜಿ ದಾಟಲು ಹೋಗಿ ನಡುವೆ ದಿಬ್ಬದ ಮೇಲೆ ಒಂದು ಹಗಲು ಕೂತದ್ದನ್ನು ಹೇಳಿದರು. ಆ ನಡುವೆ ರಸ್ತೆಯಲ್ಲಿ ಮೋಟಾರು ಹಾರ್ನು ಬಾರಿಸಿ ಹೋಯಿತು. ಯಾರೂ ಏಳಲಿಲ್ಲ. ಮಾಮ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಏಳಲು ಬರುತ್ತದೆ, ಆದರೂ ಏಳುವುದಿಲ್ಲ. ಇದಕ್ಕೆ ಆ ಹೆಸರು ಹೇಳಬಹುದು.

ಬಿಸಿಲು ಇಳಿಯಿತು, ಗಾಡಿ ಬಂತು. ದೊಡ್ಡಪ್ಪ ಎದ್ದು ನಿಂತರು, ಟೊಪ್ಪಿಗೆ ಹಾಕಿಕೊಂಡರು, ಅಪ್ಪನಿಗೆ ಕೈಮುಗಿದು ಹೇಳಿದರು. "ಬತ್ತೇವು. ಊರಿಗೆ ಹೋಗಿ ಕಾಗದ ಬರೀತೇವು."

ಅಯ್ಯೋ ದೇವರೇ! ಎರಡು ತಾಸು ನಕ್ಕು ಮಾತಾಡಿ ಕೊನೆಗೆ ಅದೇ ಮಾತು. ಅಭ್ಯಾಸಬಲವೋ, ನಿಜವೋ ಯಾರಿಗೆ ಗೊತ್ತು. ಅಪ್ಪನ ಮುಖ ಬಾಡಿತು. ಮತ್ತೆ ತಿರುವಿನಲ್ಲಿ ನಿಲ್ಲುವ ಅಪ್ಪ ಕಣ್ಣ ಮುಂದೆ ಬಂದ. ನಾನು ಒಳಗೆ ಓಡಿ ಶಾಯಿ ಕುಡಿಕೆ, ಟಾಕು, ನನ್ನ ವಹಿಯಿಂದ ಹರಿದ ಒಂದು ಹಾಳೆ ತಂದು ಹುಡುಗನ ಮುಂದೆ ಇಟ್ಟೆ. "ಕಾಗದ ತಾನೇ? ಇಲ್ಲೇ ಬರೀರಿ" ಎಂದೆ.

ಹುಡುಗ ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಬರಿಯಾ ಮಾರಾಯಾ, ನಿನ್ನ ಮನ್ಸಿನಲ್ಲಿ ಇದ್ದದ್ದು ಬರಿ" ಎಂದರು. ಅವನು ಬಗ್ಗಿ ಬರೆದು ಹಾಳೆಯನ್ನು ನನ್ನ ಕೈಗೇ ಕೊಟ್ಟ. ನಾನು ಎಲ್ಲರಿಗೂ ಕೇಳುವಂತೆ ಓದಿದೆ. "ನಮಗೆ ಒಪ್ಪಿಗೆ. ಹುಡುಗಿಗೆ ಒಪ್ಪಿಗೆ ಉಂಟೋ ಇಲ್ಲವೋ ತಿಳಿಸುವುದು."

ಎಲ್ಲರೂ ನನ್ನನ್ನೇ ನೋಡಿದರು. ಹೂಂ ಎಂದರೆ ಮುಗಿಯಿತು. ಆದರೆ ಇಷ್ಟು ವರ್ಷದಲ್ಲಿ ನಿನಗೆ ಒಪ್ಪಿಗೆಯೇ ಎಂದು ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಕೇಳಿದ ಮೇಲೆ ಯೋಚಿಸಬೇಡವೇ? ಬಾಯಿಂದ ಬಂದೇಬಿಟ್ಟಿತು: "ನಾನು ಕಾಗದ ಬರೀತೆ."

ಅಪ್ಪ ಅಲ್ಲೇ ಕಂಬ ಹಿಡಿದುಕೊಂಡ. ಮಾಮ ಮಾತ್ರ ಎಷ್ಟು ನಕ್ಕರೆಂದರೆ ಗಾಡಿಯ ಎತ್ತುಗಳು ಬೆದರಿದವು.

ಮುಂದಿನ ಎರಡು ದಿನ ನಮ್ಮ ಮನೆಯಲ್ಲಿ ನಾನು ತಲೆ ಎತ್ತುವ ಹಾಗಿರಲಿಲ್ಲ. ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಕಾಲಲ್ಲಿ ಒದ್ದವಳು ಎಂದು ಅಜ್ಜಿ ಬೆಳಗಿನಿಂದ ಬೈಯಲು ಸುರುಮಾಡಿದರೆ ಮಧ್ಯಾಹ್ನ ಉಸಿರು ತಿರುಗಿಸಲು ನಿಲ್ಲಿಸುತ್ತಿದ್ದಳು. ಅಪ್ಪ ಬೈಯಲಿಲ್ಲ, ಅದೇ ಕಷ್ಟ. ಹುಡುಗ ನನಗೆ ಹಿಡಿಸಿದ್ದ. ಸುಳ್ಳು ಹೊಗಳದೆ ಉಪ್ಪು ಕಮ್ಮಿ ಎಂದದ್ದೇ ಹಿಡಿಸಿತ್ತು. ಆದರೆ ಮಾಮನ ಮಾತು ಎದೆಯಲ್ಲಿ ಕೂತುಬಿಟ್ಟಿತ್ತು. ಒಂದು ದಿನ ಅವರ ಬಲವಂತಕ್ಕೆ ಕೂತವರು ದಿನವೂ ಕೂರುತ್ತಾರೆಯೇ? ಮೂರನೆಯ ದಿನ ಬರೆದೆ. ಒಪ್ಪಿಗೆ ಎಂದೂ ಬರೆಯಲಿಲ್ಲ, ಇಲ್ಲ ಎಂದೂ ಬರೆಯಲಿಲ್ಲ. ಒಂದೇ ಪ್ರಶ್ನೆ. "ನಿಮ್ಮ ಮನೆಯಲ್ಲಿ ಊಟವಾದ ಮೇಲೆ ಹೆಂಗಸರು ಎಲ್ಲಿ ಕೂರುತ್ತಾರೆ?"

ಮಾಮ ಅದನ್ನು ಅಂಚೆಗೆ ಹಾಕಲು ಬಿಡಲಿಲ್ಲ. ತಾವೇ ನಡೆದುಕೊಂಡು ಬೊಬ್ರುವಾಡಕ್ಕೆ ಹೋಗಿ ಕೊಟ್ಟು ಸಂಜೆಗೆ ಬಂದರು. "ಓದಿದ. ಏನೂ ಹೇಳ್ಲಿಲ್ಲ" ಎಂದರು. ಅಷ್ಟು ಕೇಳಿ ನನಗೆ ಅಳು ಬಂತು. ತಿರುವಿನಲ್ಲಿ ನಿಲ್ಲುವ ಸರದಿ ಈಗ ನನ್ನದಾಯಿತು. ಅಪ್ಪ ಒಂದು ಬದಿ, ನಾನು ಒಂದು ಬದಿ.

ಬಂತು. ಅಂಚೆಯವನೇ ದೂರದಿಂದ ಕೈಯೆತ್ತಿ ತೋರಿಸಿದ. ಮಾಮ ನಮ್ಮ ಜಗಲಿಯಲ್ಲಿ ಕಾಯುತ್ತಿದ್ದರು. ಎಲ್ಲರ ಮುಂದೆ ನಾನು ಒಡೆದು ಓದಿದೆ.

"ನಮ್ಮ ಮನೆಯಲ್ಲಿ ಹೆಂಗಸರು ಇಲ್ಲಿಯವರೆಗೆ ಅಡುಗೆಮನೆಯಲ್ಲೇ ಕೂತಿದ್ದಾರೆ. ಸುಳ್ಳು ಬರೆಯುವುದಿಲ್ಲ. ನಿಮ್ಮ ಕಾಗದ ಓದಿದ ಮಾರನೆಯ ದಿನ ಊಟವಾದ ಮೇಲೆ ನನ್ನ ಅವ್ವೆಯನ್ನು ಜಗಲಿಗೆ ಕರೆದು ಕೂರಿಸಿದೆ. ಮೊದಲು ಜಗಲಿಯ ಮಾಡಿನ ಕಡೆ ನೋಡಿದಳು. ಆಮೇಲೆ, ಅಡುಗೆಮನೆಯಲ್ಲಿ ತಾನು ಉಣ್ಣಲು ಕೂರುವ ಜಾಗದ ಮೇಲೆ ಹನ್ನೊಂದು ಮಳೆಗಾಲದಿಂದ ಸೋರುತ್ತಿದೆ ಎಂದಳು. ಎಲೆಯ ಮೇಲೆ ಮಳೆಗೆ ಹೊದೆಯುವ ಗೊರಬು ಹಿಡಿದುಕೊಂಡು ಉಣ್ಣುತ್ತಿದ್ದಳಂತೆ. ನಾವು ಯಾರೂ ಆ ಹೊತ್ತಿಗೆ ಒಳಗೆ ಹೋದದ್ದಿಲ್ಲ. ಇವತ್ತು ದೊಡ್ಡಪ್ಪನೂ ನಾನೂ ಮಾಡು ಹತ್ತಿ ಹಂಚು ಸರಿಮಾಡಿದೆವು. ನೀವು ಬಂದರೂ ಬಾರದಿದ್ದರೂ ಅವಳು ಇನ್ನು ಹೊರಗೇ ಕೂರುತ್ತಾಳೆ."

ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಾಮ "ಇನ್ನೊಂದು ಸಲ ಓದು" ಎಂದರು. ಓದಿದೆ. ಅವರು ಎದ್ದು ತಮ್ಮ ಮನೆಗೆ ಹೋದರು.

ನಾನು ಒಳಗೆ ಕೂತು ಒಪ್ಪಿಗೆಯ ಕಾಗದ ಬರೆದೆ. ಬರೆದು ಮಾಮನಿಗೆ ಕೊಡಲು ಹೋದರೆ ಜಗಲಿಯಲ್ಲಿಲ್ಲ, ಅಂಗಳದಲ್ಲಿಲ್ಲ. ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಮೂಲೆಯಲ್ಲಿ ನೆಲದ ಮೇಲೆ ಕೂತು ಮಾಡು ನೋಡುತ್ತಿದ್ದರು.

"ಇಲ್ಲಿ ಸೋರೂದಿಲ್ಲ ಮಗಾ, ನೋಡ್ದೆ" ಎಂದರು. "ಆದ್ರೆ ಹೊಗೆ ಎಲ್ಲಾ ಈ ಮೂಲೆಗೇ ಬತ್ತದೆ. ಪಾಪ, ಅವಳು."

ನಾನು ಅವರ ಎದುರಿಗೆ ಕೂತೆ. ಆಮೇಲೆ ಅವರು ಕಾಗದ ಇಸಕೊಂಡು, ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು ಬೊಬ್ರುವಾಡಕ್ಕೆ ಹೊರಟರು. ಸಂಜೆಗೆ ಬರಲಿಲ್ಲ. ಮಾರನೆಯ ದಿನ ಮಧ್ಯಾಹ್ನಕ್ಕೂ ಬರಲಿಲ್ಲ. ಅಪ್ಪ ಹೆದರಿದ, ಇನ್ನೇನು ಎಡವಟ್ಟಾಯಿತೋ ಎಂದು ಗಾಡಿ ಕಟ್ಟಿಸುವಷ್ಟರಲ್ಲಿ ಮಾಮ ಕಾಲು ಅಗಲಿಸಿಕೊಂಡು ಅಂಗಳಕ್ಕೆ ಬಂದರು. ಮುಖದ ತುಂಬ ನಗು.

"ಎಲ್ಲಿ ಹೋಗಿದ್ರಿ ಮಾರಾಯ್ರೇ? ಕಾಗದ ಕೊಡೂಕೆ ಒಂದು ಗಳಿಗೆ ಸಾಕಲ್ದಾ?" ಎಂದ ಅಪ್ಪ.

"ಕಾಗದ ನಿನ್ನೆ ಮಧ್ಯಾಹ್ನವೇ ಕೊಟ್ಟೆ. ಆಮೇಲೆ ಊಟಕ್ಕೆ ಕೂತ್ವು" ಎಂದರು ಮಾಮ. "ಊಟ ಆದ್ಮೇಲೆ ಆ ಅವ್ವೆ ಮಾತಾಡೂಕೆ ಸುರುಮಾಡಿದ್ಲು ಭಾವಾ. ಮೂವತ್ತು ವರ್ಷದ ಮಾತು ಇತ್ತು. ನಡುವೆ ಎದ್ದು ಬರೂದು ಹೆಂಗೆ?"